ತೇರಿಲ್ಲದ ಜಾತ್ರೆ

ಜಾತ್ರೆಯೆಂದೊಡನೆ ಕಣ್ಣ ಮುಂದೆ ಮೂಡುವುದು ಒಂದು ಊರು, ಆ ಊರಿನ ದೇವರು, ದೇವರ ತೇರು, ತೇರಿನ ಹಗ್ಗಕ್ಕೆ ಕೈಯಿಟ್ಟ ನೂರಾರು ಜನ. ಹಗ್ಗ ಹಿಡಿದವರಲ್ಲಿ ಕೂಲಿಗೆಂದು ಬಂದವರು ಯಾರೂ ಇರುವುದಿಲ್ಲ. ವರ್ಷವೆಲ್ಲ ತಮ್ಮ ತಮ್ಮ ದುಡಿಮೆಯಲ್ಲಿ ಮುಳುಗಿದ್ದವರು ಅಂದು ಕೆಲಸ ಬಿಟ್ಟು ಬಂದು ತೇರೆಳೆಯುತ್ತಾರೆ. ಸುತ್ತಲೂ ಮಂಡಕ್ಕಿ, ಬತ್ತಾಸು, ಬಳೆ, ಬೊಂಬೆಗಳ ಅಂಗಡಿಗಳು ಏಳುತ್ತವೆ. ನಾಲ್ಕು ದಿನ ಕಳೆದರೆ ಅಲ್ಲಿ ಉಳಿಯುವುದು ಬರಿಯ ಬಯಲು. ಆದರೆ ಮುಂದಿನ ವರ್ಷ ಅದೇ ತಿಥಿಗೆ ಯಾರೂ ಡಂಗುರ ಹೊಡೆಯದಿದ್ದರೂ ಜನ ಮತ್ತೆ ಸೇರುತ್ತಾರೆ.

ಊರಿಲ್ಲದೆ, ಬಯಲಿಲ್ಲದೆ, ತೇರೂ ಇಲ್ಲದೆ ನಡೆಯುವ ಜಾತ್ರೆಯೊಂದು ಉಂಟು. ಅದು ಮೊದಲಾದುದು 2000ನೆಯ ಇಸವಿಯಲ್ಲಿ. ಅದರ ಹೆಸರು ಸಾನಿಕ್ ಅಮೆಚೂರ್ ಗೇಮ್ಸ್ ಎಕ್ಸ್‌ಪೋ. ಇಂಗ್ಲಿಷಿನ ಮೊದಲಕ್ಷರಗಳನ್ನು ಕೂಡಿಸಿ ಬಲ್ಲವರು ಅದನ್ನು ‘ಸೇಜ್’ ಎಂದು ಕರೆಯುತ್ತಾರೆ. ಸಾನಿಕ್ ಎಂಬ ಹಳೆಯ ವಿಡಿಯೋ ಆಟವನ್ನು ಮೆಚ್ಚಿದ ಹವ್ಯಾಸಿಗಳು ಅದರ ಮಾದರಿಯಲ್ಲಿ ತಾವೇ ಕಟ್ಟಿದ ಆಟಗಳನ್ನು ತಂದು ತೋರಿಸುವ ಪ್ರದರ್ಶನ ಅದು. ಅದು ಸೇರುವುದು ಅಂತರ್ಜಾಲದಲ್ಲಿ. ಆಟ ಕಟ್ಟಿದವನು ಒಂದು ಖಂಡದಲ್ಲಿದ್ದರೆ ಅದನ್ನು ಆಡಿ ನೋಡುವವನು ಇನ್ನೊಂದು ಖಂಡದಲ್ಲಿರುತ್ತಾನೆ. ಜಾತ್ರೆಯನ್ನು ನಡೆಸುವವರು ಆ ಆಟದ ಒಡೆತನವುಳ್ಳ ಸಂಸ್ಥೆಯವರಲ್ಲ, ಅಭಿಮಾನಿಗಳೇ. ನೋಡಲು ಬಂದವರು ಸಾನಿಕ್‌ನ ಹೆಸರಿನಲ್ಲಿ ಕಟ್ಟಿದ ಆಟಗಳಿಗೆ ಬೆಲೆ ತೆರಬೇಕಾಗಿಲ್ಲ; ಬೇಕಾದುದನ್ನು ತಮ್ಮ ಕಂಪ್ಯೂಟರಿಗೆ ಇಳಿಸಿಕೊಂಡು ಆಡಬಹುದು.

ವಿಡಿಯೋ ಆಟವೆಂದರೆ ಮಕ್ಕಳ ಕಾಲಹರಣ ಎಂದು ತಿಳಿದವರಿಗೆ ಇದು ವಿಚಿತ್ರವಾಗಿ ಕಾಣುವುದು ಸಹಜ. ಬೆಳೆದ ಮನುಷ್ಯರು, ಅದೂ ಫಲಾಪೇಕ್ಷೆಯಿಲ್ಲದೆ, ಹಳೆಯ ಆಟಿಕೆಯೊಂದರ ಹಿಂದೆ ವರ್ಷಗಟ್ಟಲೆ ಶ್ರಮಿಸುವುದೇಕೆ? ಇದಕ್ಕೆ ಉತ್ತರ ಬೇಕಾದರೆ ಮೊದಲು ಆ ಆಟವನ್ನೇ ನೋಡಬೇಕು.

ಜಪಾನಿನ ಸೆಗಾ ಎಂಬ ಸಂಸ್ಥೆ ‘ಸಾನಿಕ್ ದ ಹೆಡ್ಜ್‌ಹಾಗ್’ ಎಂಬ ಆಟವನ್ನು 1991ರ ಜೂನ್ ತಿಂಗಳಲ್ಲಿ ಹೊರತಂದಿತು. ಹೆಡ್ಜ್‌ಹಾಗ್ ಎಂಬುದು ಮೈಯೆಲ್ಲ ಮುಳ್ಳುಳ್ಳ, ಅಪಾಯ ಕಂಡೊಡನೆ ಚೆಂಡಿನಂತೆ ಸುತ್ತಿಕೊಳ್ಳುವ ಪುಟ್ಟ ಪ್ರಾಣಿ. ಆ ಪ್ರಾಣಿಗೆ ನೀಲಿ ಬಣ್ಣ ಬಳಿದು, ಕೆಂಪು ಪಾದರಕ್ಷೆ ತೊಡಿಸಿ, ಮಿಂಚಿನ ಓಟ ಕೊಟ್ಟರೆ ಅದೇ ಸಾನಿಕ್. ಅದರ ರೂಪವನ್ನು ಬರೆದವನು ನಾವೊತೊ ಓಶಿಮಾ. ಅದು ಓಡುವ ಬೆಟ್ಟ ಬಯಲುಗಳ ದಾರಿಯನ್ನು ಯೋಜಿಸಿದವನು ಹಿರೊಕಾಜು ಯಾಸುಹಾರಾ. ಓಟವನ್ನು ಯಂತ್ರಭಾಷೆಯಲ್ಲಿ ಹಿಡಿದಿಟ್ಟವನು ಯೂಜಿ ನಾಕಾ. ಸಂಗೀತವನ್ನು ಒದಗಿಸಿದವನು ಮಸಾತೊ ನಾಕಾಮುರಾ.

ಕಥೆ ತೀರ ಸರಳವಾದುದು. ದುಷ್ಟ ವಿಜ್ಞಾನಿಯೊಬ್ಬ ಕಾಡಿನ ಪ್ರಾಣಿಗಳನ್ನು ಹಿಡಿದು ಯಂತ್ರಗಳೊಳಗೆ ಸೆರೆಯಿಡುತ್ತಾನೆ. ಸಾನಿಕ್ ಆ ಯಂತ್ರಗಳನ್ನು ಒಡೆದು ಪ್ರಾಣಿಗಳನ್ನು ಬಿಡಿಸುತ್ತದೆ. ಆದರೆ ಜನ ಆ ಆಟಕ್ಕೆ ಮನಸೋತುದು ಕಥೆಗಾಗಿ ಅಲ್ಲ. ಅದುವರೆಗಿನ ಇಂಥ ಆಟಗಳಲ್ಲಿ ನಾಯಕನು ಬಹುಮಟ್ಟಿಗೆ ಸಮತಟ್ಟಾದ ನೆಲದಲ್ಲಿ ಒಂದೇ ಹದದಲ್ಲಿ ಓಡುತ್ತ, ಮೆಟ್ಟಿಲಿನಿಂದ ಮೆಟ್ಟಿಲಿಗೆ ನೆಗೆಯುತ್ತಿದ್ದ. ಸಾನಿಕ್‌ನ ಲೋಕದಲ್ಲಿ ನೆಲ ಬಾಗುತ್ತದೆ, ಬಳುಕುತ್ತದೆ, ಕೆಲವೆಡೆ ಬಳೆಯಂತೆ ಸುತ್ತಿ ಬರುತ್ತದೆ. ಇಳಿಜಾರಿನಲ್ಲಿ ಓಟ ಹೆಚ್ಚುತ್ತದೆ, ಏರಿನಲ್ಲಿ ಕುಂದುತ್ತದೆ. ವೇಗವನ್ನು ಕೂಡಿಟ್ಟುಕೊಂಡು ಬಂದವನು ಮಾತ್ರ ಬಳೆಯ ನೆತ್ತಿಯನ್ನು ತಲೆಕೆಳಗಾಗಿ ದಾಟಬಲ್ಲ. ಅರೆಮನಸ್ಸಿನಿಂದ ಓಡಿದವನು ನಡುದಾರಿಯಿಂದ ಹಿಂದಕ್ಕೆ ಜಾರುತ್ತಾನೆ. ದಿನ್ನೆಯ ಮೇಲಿಂದ ಓಡಿ ಇಳಿದ ಮಗುವಿಗೆ ಆಗುವ ಆನಂದವನ್ನು ಆ ಮೂವರು ಪರದೆಯ ಮೇಲೆ ಹಿಡಿದು ತಂದಿದ್ದರು.

ಇಷ್ಟನ್ನೂ ಅವರು ಅಡಗಿಸಿದ್ದು 512 ಕಿಲೋಬೈಟ್‌ಗಳ ಒಂದು ಪುಟ್ಟ ಪೆಟ್ಟಿಗೆಯಲ್ಲಿ. ಇಂದು ಕೈಯಲ್ಲಿ ಹಿಡಿದ ಫೋನಿನಿಂದ ತೆಗೆದ ಒಂದೇ ಒಂದು ಭಾವಚಿತ್ರಕ್ಕೆ ಅದರ ಹಲವು ಪಾಲು ಸ್ಥಳ ಬೇಕಾಗುತ್ತದೆ. ಆಟ ನಡೆಯುತ್ತಿದ್ದ ಮೆಗಾ ಡ್ರೈವ್ ಯಂತ್ರ ಪರದೆಯ ಮೇಲೆ ಏಕಕಾಲಕ್ಕೆ ತೋರಿಸಬಲ್ಲುದಾಗಿದ್ದುದು ಸಾಮಾನ್ಯವಾಗಿ 64 ಬಣ್ಣಗಳನ್ನು. ಸಾಧನ ಕಿರಿದಾದಷ್ಟೂ ಕುಶಲಿಯ ಕೈ ಹದಗೊಳ್ಳುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ.

ಮುಂದೆ 1992, 1993, 1994ರಲ್ಲಿ ಸಾನಿಕ್‌ನ ಹೊಸ ಸಾಹಸಗಳು ಬಂದವು. ಅನಂತರ ಕಾಲ ತಿರುಗಿತು. ಚಪ್ಪಟೆ ಚಿತ್ರಗಳ ಜಾಗದಲ್ಲಿ ಉದ್ದ, ಅಗಲ, ಆಳಗಳುಳ್ಳ ಚಿತ್ರಗಳು ಬಂದವು. ಹೊಸ ಮಾರ್ಗದಲ್ಲಿ ಕೆಲವು ಆಟಗಳು ಗೆದ್ದವು, ಕೆಲವು ಸೋತವು. ಪೈಪೋಟಿಯಲ್ಲಿ ಹಿಂದೆ ಬಿದ್ದ ಸೆಗಾ, ಆಟದ ಯಂತ್ರಗಳ ತಯಾರಿಕೆಯನ್ನೇ ನಿಲ್ಲಿಸುವುದಾಗಿ 2001ರ ಜನವರಿಯಲ್ಲಿ ಸಾರಿತು. ಒಂದು ಕಾಲದ ಎದುರಾಳಿಗಳ ಯಂತ್ರಗಳಿಗಾಗಿ ಆಟಗಳನ್ನು ಸಿದ್ಧಮಾಡುವ ಸಂಸ್ಥೆಯಾಗಿ ಅದು ಉಳಿಯಿತು. 1991ರಲ್ಲಿ ಶಾಲೆಗೆ ಹೋಗುತ್ತಿದ್ದ ಮಕ್ಕಳು ಆ ಹೊತ್ತಿಗೆ ಕಾಲೇಜಿನ ಮೆಟ್ಟಿಲು ಹತ್ತಿದ್ದರು. ಅವರು ಮೆಚ್ಚಿದ ಬಗೆಯ ಆಟ ಅಂಗಡಿಗಳಲ್ಲಿ ಅಪರೂಪವಾಗುತ್ತ ಬಂದಿತ್ತು. ಆಗ ಅವರ ಮುಂದೆ ಎರಡು ದಾರಿಗಳಿದ್ದವು: ಹಳೆಯ ದಿನಗಳನ್ನು ನೆನೆದು ಹಲುಬುವುದು ಒಂದು, ತಾವೇ ಕೈಹಚ್ಚಿ ಕಟ್ಟುವುದು ಇನ್ನೊಂದು. ಕೆಲವರು ಎರಡನೆಯ ದಾರಿ ಹಿಡಿದರು. ಹೆಚ್ಚು ಯಂತ್ರಭಾಷೆ ಬಾರದವರೂ ಆಟ ಕಟ್ಟಬಹುದಾದಂಥ ಉಪಕರಣಗಳು ಆ ವೇಳೆಗೆ ಕಂಪ್ಯೂಟರುಗಳಿಗೆ ಬಂದಿದ್ದವು. ಹೀಗೆ ಬೇರೆ ಬೇರೆ ಮನೆಗಳ ಮೂಲೆಗಳಲ್ಲಿ ಹುಟ್ಟಿದ ಆಟಗಳಿಗೆ ಒಂದು ಚಾವಡಿ ಬೇಕಾಯಿತು. ಸೇಜ್ ಆ ಚಾವಡಿ.

ಅಲ್ಲಿ ಪ್ರತಿಯೊಬ್ಬ ಹವ್ಯಾಸಿಗೂ ಒಂದು ಮಳಿಗೆ. ಮಳಿಗೆಯೆಂದರೆ ಗೂಟ ನೆಟ್ಟು ತಟ್ಟಿ ಕಟ್ಟಿದ್ದಲ್ಲ. ಆಟದ ನಾಲ್ಕಾರು ಚಿತ್ರಗಳು, ಅದನ್ನು ಕುರಿತ ನಾಲ್ಕು ಮಾತು, ಆಡಿ ನೋಡಲು ಆಟದ ಒಂದು ಭಾಗ, ಇಷ್ಟೇ. ಈಚಿನ ವರ್ಷಗಳಲ್ಲಿ ಇಂಥ ಆಟಗಳ ಸಂಖ್ಯೆ ನೂರನ್ನು ಮೀರಿದೆ. ಸಾನಿಕ್‌ಗೆ ಸಂಬಂಧವಿಲ್ಲದ ಸ್ವತಂತ್ರ ಆಟಗಳಿಗೂ ಅಲ್ಲಿ ಎಡೆಯುಂಟು. ಬಂದವರು ಆಡುತ್ತಾರೆ, ಮೆಚ್ಚಿದ್ದನ್ನು ಮೆಚ್ಚುತ್ತಾರೆ, ಇಲ್ಲಿ ಓಟ ತಡವರಿಸುತ್ತದೆ, ಅಲ್ಲಿ ನೆಲ ಸರಿಯಾಗಿ ಕೂಡಿಲ್ಲ ಎಂದು ಹೇಳುತ್ತಾರೆ. ಕಟ್ಟಿದವನು ಕೇಳಿಕೊಂಡು ಹೋಗಿ ತಿದ್ದುತ್ತಾನೆ.

ಈ ಜಾತ್ರೆಗೆ ಬರುವ ಆಟಗಳಲ್ಲಿ ಅನೇಕವು ಅಪೂರ್ಣ. ಒಂದು ಬೆಟ್ಟ ಮುಗಿದಿರುತ್ತದೆ, ಅದರಾಚೆಯ ಊರು ಇನ್ನೂ ಆಗಿರುವುದಿಲ್ಲ. ಓಟ ಹದವಾಗಿರುತ್ತದೆ, ಸಂಗೀತ ಕೂಡಿರುವುದಿಲ್ಲ. ಪೇಟೆಯಲ್ಲಿ ಅರೆಬೆಂದ ವಸ್ತುವಿಗೆ ಗಿರಾಕಿಯಿಲ್ಲ. ಇಲ್ಲಿ ಅದಕ್ಕೂ ಒಂದು ಮಣೆ ಉಂಟು. ಇದನ್ನು ಸಣ್ಣ ಸಂಗತಿಯೆಂದು ತಳ್ಳಿಹಾಕುವಂತಿಲ್ಲ. ಹಗಲು ಹೊಟ್ಟೆಪಾಡಿಗೆ ದುಡಿದು ರಾತ್ರಿ ಒಂದೆರಡು ಗಂಟೆ ತನ್ನ ಪ್ರೀತಿಯ ಕೆಲಸಕ್ಕೆ ಕೂಡುವವನಿಗೆ ದೊಡ್ಡ ಶತ್ರುವೆಂದರೆ ‘ನಾಳೆ ನೋಡೋಣ’ ಎಂಬ ಮಾತು. ಜಾತ್ರೆಯ ದಿನ ಗೊತ್ತಾಗಿದ್ದರೆ ಆ ಮಾತಿಗೆ ಕಡಿವಾಣ ಬೀಳುತ್ತದೆ. ಮುಗಿದಷ್ಟನ್ನು ನಾಲ್ವರ ಮುಂದೆ ಇಡಬೇಕಾಗುತ್ತದೆ. ಇಟ್ಟ ಮೇಲೆ ಯಾರೋ ಒಬ್ಬ ಅಪರಿಚಿತ ‘ಮುಂದಿನದು ಎಂದು?’ ಎಂದು ಕೇಳುತ್ತಾನೆ. ಆ ಒಂದು ಪ್ರಶ್ನೆ ಇನ್ನೊಂದು ವರ್ಷದ ದುಡಿಮೆಗೆ ಸಾಕಾಗುತ್ತದೆ.

ಮೆಚ್ಚುವುದಕ್ಕೂ ಬಲ್ಲವನಾಗುವುದಕ್ಕೂ ನಡುವೆ ದೂರವಿದೆ. ಆ ದೂರವನ್ನು ಈ ಹವ್ಯಾಸಿಗಳು ಕ್ರಮಿಸಿದ ರೀತಿ ಮನನೀಯವಾದುದು. ಸಾನಿಕ್‌ನಂತೆ ಓಡುವ ಬೊಂಬೆಯನ್ನು ಮಾಡಲು ಹೊರಟವರಿಗೆ ಮೊದಮೊದಲು ಬೊಂಬೆ ಸಿಕ್ಕಿತು, ಓಟ ಸಿಗಲಿಲ್ಲ. ಮೂಲದ ಸೊಗಸು ಎಲ್ಲಿದೆಯೆಂದು ಹುಡುಕುತ್ತ ಕೆಲವರು ಹಳೆಯ ಪೆಟ್ಟಿಗೆಯೊಳಗಣ ಯಂತ್ರಭಾಷೆಯನ್ನೇ ಬಿಡಿಸಿ ಓದಿದರು. ಶಾಸನದ ಅಕ್ಷರಗಳನ್ನು ಒಂದೊಂದಾಗಿ ಓದುವ ಸಂಶೋಧಕನಂತೆ ಸಾಲು ಸಾಲನ್ನೂ ಅರ್ಥಮಾಡಿಕೊಂಡರು. ಪರದೆಯ ಚಿತ್ರ ಸೆಕೆಂಡಿಗೆ 60 ಸಲ ಬದಲಾಗುತ್ತದೆ. ಒಂದೊಂದು ಬದಲಾವಣೆಗೂ ಸಾನಿಕ್‌ನ ವೇಗಕ್ಕೆ ಕೂಡುವುದು, ಪರದೆಯ ಒಂದು ಚುಕ್ಕೆಯನ್ನು 256 ಪಾಲು ಮಾಡಿದರೆ ಅದರಲ್ಲಿ 12 ಪಾಲಿನಷ್ಟು ಮಾತ್ರ. ಹೀಗೆ ಏರುತ್ತ ಏರುತ್ತ ಪ್ರತಿ ಬದಲಾವಣೆಗೆ 6 ಚುಕ್ಕೆಗಳ ವೇಗ ಬರಲು ಎರಡು ಸೆಕೆಂಡಿಗಿಂತ ತುಸು ಹೆಚ್ಚು ಕಾಲ ಹಿಡಿಯುತ್ತದೆ. ಸಮತಟ್ಟಾದ ನೆಲದಲ್ಲಿ ಸ್ವಂತ ಕಾಲಿನ ಬಲಕ್ಕೆ ಅದೇ ಮಿತಿ. ಅದನ್ನು ಮೀರಬೇಕಾದರೆ ಇಳಿಜಾರಿನಂಥ ಬೇರೊಂದರ ನೆರವು ಬೇಕು.

‘ಮಿಂಚಿನ ಓಟ’ ಎಂದು ಬಾಯಿತುಂಬ ಹೊಗಳುತ್ತಿದ್ದವರಿಗೆ ಅದರ ಗುಟ್ಟು ನಿಧಾನವಾದ ಏರಿಕೆಯಲ್ಲಿದೆಯೆಂದು ತಿಳಿದುದು ಹೀಗೆ. ಹೊಗಳಿಕೆ ಕಲಿಸಲಾರದ ಈ ಪಾಠವನ್ನು ಅನುಕರಣೆ ಕಲಿಸಿತು. ಗುರುವಿನ ಅಕ್ಷರದ ಮೇಲೆ ಅಕ್ಷರ ತಿದ್ದುವ ಮಗುವನ್ನು ಯಾರೂ ಕಳ್ಳನೆನ್ನುವುದಿಲ್ಲ. ತಿದ್ದಿ ತಿದ್ದಿ ಕೈ ಕುದುರಿದ ಮೇಲೆ ಅದೇ ಮಗು ತನ್ನದೇ ಬರವಣಿಗೆಯನ್ನು ಕಂಡುಕೊಳ್ಳುತ್ತದೆ. ಸಾನಿಕ್‌ನ ಅಭಿಮಾನಿಗಳಲ್ಲಿಯೂ ಹೀಗಾಯಿತು. 2014ರಲ್ಲಿ ಬಂದ ‘ಫ್ರೀಡಂ ಪ್ಲಾನೆಟ್’ ಎಂಬ ಆಟ ಮೊದಲಾದುದು ಸಾನಿಕ್‌ನ ಅಭಿಮಾನಿಯ ಪ್ರಯತ್ನವಾಗಿ. ಬೆಳೆಯುತ್ತ ತನ್ನದೇ ನಾಯಕಿಯನ್ನೂ ಲೋಕವನ್ನೂ ಪಡೆದು ಸ್ವತಂತ್ರ ಕೃತಿಯಾಯಿತು.

ಆದರೆ ಇಲ್ಲಿ ಒಂದು ತೊಡಕಿನ ಪ್ರಶ್ನೆಯನ್ನು ಎದುರಿಸಲೇಬೇಕು. ಸಾನಿಕ್ ಯಾರದು? ಕನ್ನಡದ ಓದುಗರಿಗೆ ಹಳೆಯ ಕಥೆಯನ್ನು ಹೊಸಬರು ಮುಂದುವರಿಸುವುದು ಹೊಸತಲ್ಲ. ಪಂಪ 10ನೆಯ ಶತಮಾನದಲ್ಲಿ ವ್ಯಾಸರ ಕಥೆಯನ್ನೆತ್ತಿಕೊಂಡು ಅರ್ಜುನನಲ್ಲಿ ತನ್ನ ದೊರೆ ಅರಿಕೇಸರಿಯನ್ನೇ ಕಂಡ. ಕುಮಾರವ್ಯಾಸ ಹತ್ತು ಪರ್ವಗಳವರೆಗೆ ಹಾಡಿದ ಭಾರತವನ್ನು ಮುಂದೆ ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿ ಪೂರ್ಣಗೊಳಿಸಿದ. ಯಾರೂ ಯಾರ ಅಪ್ಪಣೆಚೀಟಿಯನ್ನೂ ಕೇಳಲಿಲ್ಲ; ಕಥೆ ಎಲ್ಲರದಾಗಿತ್ತು. ಸಾನಿಕ್‌ನ ಮಾತು ಬೇರೆ. ಅದಕ್ಕೆ ಒಡೆಯರಿದ್ದಾರೆ, ಒಡೆತನಕ್ಕೆ ಕಾನೂನಿನ ಬೆಂಬಲವಿದೆ. ಅಮೆರಿಕದ ಕಾನೂನಿನಂತೆ ಸಂಸ್ಥೆಯೊಂದು ತನ್ನವರಿಂದ ಮಾಡಿಸಿದ ಇಂಥ ಕೃತಿಯ ಹಕ್ಕು ಪ್ರಕಟವಾದ ದಿನದಿಂದ 95 ವರ್ಷಗಳ ಕಾಲ ನಡೆಯುತ್ತದೆ. ಆ ಲೆಕ್ಕದಲ್ಲಿ 1991ರ ಆಟ ಅಲ್ಲಿ ಎಲ್ಲರ ಸೊತ್ತಾಗಬೇಕಾದರೆ 2087ನೆಯ ಇಸವಿ ಬರಬೇಕು. ಅದನ್ನು ಹತ್ತು ವರ್ಷದವನಾಗಿ ಆಡಿದ ಹುಡುಗನಿಗೆ ಆಗ 106 ವರ್ಷ ತುಂಬುತ್ತದೆ.

ಒಡೆತನ ಅನ್ಯಾಯವೇನೂ ಅಲ್ಲ. ಆಟವನ್ನು ಕಲ್ಪಿಸಿದವರ ದುಡಿಮೆಗೆ ಬೆಲೆ ಬರಬೇಕಾದರೆ ಅದನ್ನು ಯಾರೆಂದರೆ ಅವರು ನಕಲುಮಾಡಿ ಮಾರದಂತೆ ತಡೆಯಿರಬೇಕು. ತಡೆಯಿಲ್ಲದಿದ್ದರೆ ಮುಂದೆ ಹೊಸದನ್ನು ಕಲ್ಪಿಸಲು ಹಣ ಹೂಡುವವರು ಮುಂದೆ ಬರಲಾರರು. ಆದರೂ ಆ ತಡೆಯ ಇನ್ನೊಂದು ಮುಖವನ್ನು ಮರೆಯುವಂತಿಲ್ಲ. 1991ರಲ್ಲಿಯೇ ಬಂದಿದ್ದ ‘ಮೆಟ್ರಾಯ್ಡ್ 2’ ಎಂಬ ಇನ್ನೊಂದು ಆಟವನ್ನು ಅಭಿಮಾನಿಯೊಬ್ಬ ಸುಮಾರು ಹತ್ತು ವರ್ಷ ಶ್ರಮಿಸಿ ಹೊಸದಾಗಿ ಕಟ್ಟಿ 2016ರ ಆಗಸ್ಟ್‌ನಲ್ಲಿ ಉಚಿತವಾಗಿ ಹಂಚಿದ. ಕೆಲವೇ ದಿನಗಳಲ್ಲಿ ಒಡೆತನವುಳ್ಳ ನಿಂಟೆಂಡೊ ಸಂಸ್ಥೆ ಕಾನೂನಿನ ಮೂಲಕ ಅದನ್ನು ತೆಗೆಸಿತು. ಸೆಗಾ ಸಂಸ್ಥೆಯೂ ಎಲ್ಲ ಕಾಲದಲ್ಲಿ ಉದಾರವಾಗಿತ್ತೆಂದು ಹೇಳಲಾಗದು. ಅದರ ‘ಸ್ಟ್ರೀಟ್ಸ್ ಆಫ್ ರೇಜ್’ ಎಂಬ ಆಟವನ್ನು ಅಭಿಮಾನಿಗಳು ಎಂಟು ವರ್ಷ ದುಡಿದು ಮರುರೂಪಿಸಿ 2011ರ ಏಪ್ರಿಲ್‌ನಲ್ಲಿ ಹೊರತಂದಾಗ, ಅದನ್ನು ಹಿಂತೆಗೆಯಬೇಕೆಂದು ಸೆಗಾ ಕೇಳಿತು, ಅವರು ಹಿಂತೆಗೆದರು.

ಹತ್ತು ವರ್ಷ, ಎಂಟು ವರ್ಷ ಎಂದು ಬರೆಯುವುದು ಸುಲಭ. ಹತ್ತು ವರ್ಷಗಳಲ್ಲಿ ಒಂದು ತೆಂಗಿನ ಸಸಿ ಕಾಯಿ ಬಿಡುತ್ತದೆ. ಮಗು ಶಾಲೆಯ ಅರ್ಧ ದಾರಿ ಕ್ರಮಿಸುತ್ತದೆ. ಅಷ್ಟು ಕಾಲದ ರಾತ್ರಿಗಳನ್ನು ಸುರಿದ ಕೆಲಸ ಒಂದು ಪತ್ರದಿಂದ ಮರೆಗೆ ಸರಿಯಬಹುದು. ಸೇಜ್‌ನ ಮಳಿಗೆಗಳಲ್ಲಿ ಸಾನಿಕ್‌ನ ಹೆಸರಿಟ್ಟು ಕೂರುವ ಪ್ರತಿಯೊಬ್ಬನೂ ಇದನ್ನು ಬಲ್ಲ. ಅನ್ಯರ ಹೊಲದಲ್ಲಿ ಬೇಲಿ ಕಟ್ಟದೆ, ಪೈರಿನ ಮೇಲೆ ಹಕ್ಕು ಹೇಳದೆ, ಕೇವಲ ಬೆಳೆಯ ಮೇಲಿನ ಅಕ್ಕರೆಯಿಂದ ಉಳುವವನ ಸ್ಥಿತಿ ಅವನದು. ಗೊತ್ತಿದ್ದೂ ಉಳುತ್ತಾನೆ.

ಇಷ್ಟು ವರ್ಷ ಆ ಜಾತ್ರೆ ನಡೆದುಬಂದಿರುವುದಕ್ಕೆ ಅಭಿಮಾನಿಗಳ ಅಕ್ಕರೆಯಷ್ಟೇ ಒಡೆಯರ ಸಂಯಮವೂ ಕಾರಣ. ಸಾನಿಕ್‌ನ ವಿಷಯದಲ್ಲಿ ಸೆಗಾ, ಲಾಭಕ್ಕಾಗಿ ಮಾರದ ಹವ್ಯಾಸಿ ಆಟಗಳನ್ನು ಬಹುಮಟ್ಟಿಗೆ ಕಂಡೂ ಕಾಣದಂತೆ ಬಿಟ್ಟಿತು. ತಡೆಯುವ ಶಕ್ತಿಯಿದ್ದೂ ತಡೆಯದಿರುವುದು ದೊಡ್ಡ ಗುಣ. ಅದರ ಫಲವೂ ತಕ್ಕುದಾಗಿಯೇ ಬಂದಿತು.

ಆಸ್ಟ್ರೇಲಿಯದ ಕ್ರಿಶ್ಚಿಯನ್ ವೈಟ್‌ಹೆಡ್ ಮೊದಲಿಗೆ ಇಂಥ ಒಬ್ಬ ಅಭಿಮಾನಿ. ಸಾನಿಕ್‌ನ ಓಟವನ್ನು ಮೂಲದಂತೆಯೇ ಮೂಡಿಸುವ ಹಂಬಲದಿಂದ ಆತ ‘ರೆಟ್ರೊ ಎಂಜಿನ್’ ಎಂಬ ತನ್ನದೇ ಸಾಧನವನ್ನು ಕಟ್ಟಿದ. 1993ರ ‘ಸಾನಿಕ್ ಸಿಡಿ’ ಎಂಬ ಆಟ ಫೋನಿನಲ್ಲಿ ನಡೆಯುವಂತೆ ಮಾಡಿ 2009ರಲ್ಲಿ ತೋರಿಸಿದ. ಸೆಗಾ ಅವನ ಮೇಲೆ ಮುನಿಯಬಹುದಾಗಿತ್ತು. ಬದಲಾಗಿ ಅವನಿಗೇ ಕೆಲಸವನ್ನೊಪ್ಪಿಸಿತು. 2011ರಲ್ಲಿ ಆ ಆಟದ ಹೊಸ ಆವೃತ್ತಿ ಸಂಸ್ಥೆಯ ಹೆಸರಿನಲ್ಲಿಯೇ ಹೊರಬಂದಿತು.

ಇದಕ್ಕಿಂತ ಮನಮುಟ್ಟುವ ಸಂಗತಿ 2013ರದು. 1992ರ ‘ಸಾನಿಕ್ 2’ ಸಿದ್ಧವಾಗುತ್ತಿದ್ದಾಗ ಅದಕ್ಕೆಂದು ಹಸಿರು ಕಲ್ಲುಗಳು ಹೊಳೆಯುವ ನೆಲಮಾಳಿಗೆಯಂಥ ಭಾಗವೊಂದನ್ನು ಯೋಜಿಸಿದ್ದರು. ಅದರ ಹೆಸರು ‘ಹಿಡನ್ ಪ್ಯಾಲೇಸ್’, ಎಂದರೆ ಗುಪ್ತ ಅರಮನೆ. ಅದರ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ಆದರೆ ಆಟ ಅಂಗಡಿಗೆ ಬಂದಾಗ ಅರಮನೆ ಅದರಲ್ಲಿರಲಿಲ್ಲ; ಮುಗಿಸುವುದಕ್ಕೆ ಮೊದಲೇ ಅದನ್ನು ಬಿಟ್ಟಿದ್ದರು. ಚಿತ್ರ ನೋಡಿದ್ದ ಮಕ್ಕಳು ಅದನ್ನು ಆಟದಲ್ಲಿ ಹುಡುಕಿ ಹುಡುಕಿ ಸೋತರು. 1990ರ ದಶಕದ ಕೊನೆಯಲ್ಲಿ ಆಟದ ಅಪೂರ್ಣ ಪ್ರತಿಯೊಂದು ಅಭಿಮಾನಿಗಳಿಗೆ ದೊರೆತು, ಅರೆಗಟ್ಟಿದ ಆ ಅರಮನೆ ಅದರಲ್ಲಿ ಕಾಣಿಸಿತು. 2013ರಲ್ಲಿ ‘ಸಾನಿಕ್ 2’ ಅನ್ನು ಫೋನುಗಳಿಗಾಗಿ ಮರುರೂಪಿಸುವ ಕೆಲಸ ವೈಟ್‌ಹೆಡ್‌ಗೂ, ಅಭಿಮಾನಿಯಾಗಿಯೇ ಬೆಳೆದ ಇನ್ನೊಬ್ಬ ಗೆಳೆಯ ಸೈಮನ್ ಥಾಮ್ಲಿಗೂ ಬಂದಾಗ, ಅವರು ಗುಪ್ತ ಅರಮನೆಯನ್ನು ಪೂರ್ಣಗೊಳಿಸಿ ಆಟದೊಳಗೆ ಸೇರಿಸಿದರು. ಹತ್ತು ಪರ್ವಗಳಿಗೆ ನಿಂತ ಭಾರತವನ್ನು ತಿಮ್ಮಣ್ಣ ಮುಗಿಸಿದಂತೆ, 21 ವರ್ಷ ಅರ್ಧಕ್ಕೆ ನಿಂತಿದ್ದ ಕಟ್ಟಡಕ್ಕೆ ಓದುಗರ ಸಾಲಿನಿಂದ ಎದ್ದು ಬಂದವರೇ ಮಾಡು ಹೊದಿಸಿದರು. 2017ರ ಆಗಸ್ಟ್‌ನಲ್ಲಿ ಈ ಅಭಿಮಾನಿಗಳ ಬಳಗವೇ ಕಟ್ಟಿದ ‘ಸಾನಿಕ್ ಮೇನಿಯಾ’ ಸೆಗಾದ ಹೆಸರಿನಲ್ಲಿ ಬಂದಿತು. ಅದಕ್ಕೆ ಸಂಗೀತ ಕೊಟ್ಟ ಟೀ ಲೋಪೆಸ್ ಕೂಡ ಹಳೆಯ ಸಾನಿಕ್ ಧಾಟಿಗಳನ್ನು ಅಭಿಮಾನದಿಂದ ನುಡಿಸುತ್ತ ಹೆಸರಾದವನು. ವಿಮರ್ಶಕರು ಅದನ್ನು ಅನೇಕ ವರ್ಷಗಳಲ್ಲಿ ಬಂದ ಅತ್ಯುತ್ತಮ ಸಾನಿಕ್ ಆಟಗಳಲ್ಲೊಂದೆಂದು ಹೊಗಳಿದರು.

ಹೀಗೆ ಕೆಲವರಿಗೆ ಬಾಗಿಲು ತೆರೆಯಿತೆಂದು ಎಲ್ಲರ ಕಥೆಯೂ ಸುಖಾಂತವೆಂದು ಭಾವಿಸಬಾರದು. ವೈಟ್‌ಹೆಡ್‌ನಂಥವರು ಕೆಲವರೇ. ಮಿಕ್ಕವರ ಹೆಸರು ಜಾತ್ರೆಯ ಆಚೆಗೆ ಯಾರಿಗೂ ತಿಳಿಯುವುದಿಲ್ಲ. ಅನೇಕರ ಆಟ ಕೊನೆಗೂ ಮುಗಿಯುವುದಿಲ್ಲ. ಓದು, ಉದ್ಯೋಗ, ಸಂಸಾರ ಒಂದೊಂದಾಗಿ ಬಂದು ರಾತ್ರಿಯ ಆ ಎರಡು ಗಂಟೆಗಳನ್ನು ಕೇಳುತ್ತವೆ. ಇಂಥವರ ಪುಕ್ಕಟೆ ದುಡಿಮೆಯಿಂದ ಸಂಸ್ಥೆಯ ಹಳೆಯ ಹೆಸರು ಹೊಳಪು ಪಡೆಯುತ್ತದೆ, ಅವರಿಗೆ ಮಾತ್ರ ಏನೂ ದಕ್ಕುವುದಿಲ್ಲ ಎಂದು ಯಾರಾದರೂ ಆಕ್ಷೇಪಿಸಿದರೆ ಆ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಅಕ್ಕರೆಯನ್ನು ಹೊಗಳುವವರು ಅದರ ವೆಚ್ಚವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಆದರೂ ದಕ್ಕಿದ್ದು ಏನೂ ಇಲ್ಲವೆನ್ನಲು ಬಾರದು. ಆಡುವವನಾಗಿ ಬಂದವನು ಕಟ್ಟುವವನಾದ. ಕಣ್ಣಿಗೆ ಮಾಯೆಯಂತೆ ಕಂಡಿದ್ದ ಓಟದ ಹಿಂದೆ ಮನುಷ್ಯರ ಎಣಿಕೆಯೂ ತಾಳ್ಮೆಯೂ ಇದ್ದುದನ್ನು ಕಂಡ. ತನ್ನ ಅರ್ಧ ಕೆಲಸವನ್ನು ನಾಚಿಕೆಯಿಲ್ಲದೆ ಇತರರ ಮುಂದಿಡುವುದನ್ನೂ, ಇತರರ ಅರ್ಧ ಕೆಲಸವನ್ನು ಹೀಗಳೆಯದೆ ನೋಡುವುದನ್ನೂ ಕಲಿತ. ಈ ಕಲಿಕೆಯನ್ನು ಯಾವ ಒಡೆಯನೂ ಪತ್ರ ಬರೆದು ಹಿಂತೆಗೆಸಲಾರ.

ಹಳೆಯ ವಸ್ತುವನ್ನು ಕಾಪಾಡುವ ಬಗೆ ಹಲವು. ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಪಾಡುವುದು ಒಂದು, ಅದೂ ಬೇಕಾದುದೇ. ಆದರೆ ಆಟ ಬದುಕುವುದು ಆಡುವವರ ಕೈಯಲ್ಲಿ. ಅದು ಬೆಳೆಯಬೇಕಾದರೆ ಅದನ್ನು ಬಿಚ್ಚಿ ನೋಡುವ, ತಪ್ಪಾಗಿಯಾದರೂ ಮತ್ತೆ ಜೋಡಿಸುವ ಕೈಗಳು ಬೇಕು. ಆ ಕೈಗಳಿಗೆ ಸ್ವಲ್ಪ ಜಾಗ ಬಿಡುವ ಒಡೆಯರೂ ಬೇಕು. ಇವೆರಡೂ ಕೂಡಿದ ಕಡೆ 512 ಕಿಲೋಬೈಟ್‌ಗಳ ಪೆಟ್ಟಿಗೆಯಿಂದ ನೂರಾರು ಹೊಸ ಬೆಟ್ಟ ಬಯಲುಗಳು ಹುಟ್ಟಿವೆ.

ಸೇಜ್‌ನ ದಿನಗಳು ಮುಗಿದೊಡನೆ ಆ ಮಳಿಗೆಗಳಲ್ಲಿ ಸದ್ದಡಗುತ್ತದೆ. ಬಂದವರು ತಂತಮ್ಮ ಕೆಲಸಗಳಿಗೆ ಮರಳುತ್ತಾರೆ. ಎಲ್ಲಿಯೋ ಒಂದು ಮನೆಯಲ್ಲಿ, ಮನೆಯವರೆಲ್ಲ ಮಲಗಿದ ಮೇಲೆ, ಒಬ್ಬ ದೀಪ ಹಚ್ಚಿ ಕೂತು, ಅಪರಿಚಿತನೊಬ್ಬ ತೋರಿಸಿಕೊಟ್ಟ ತಪ್ಪನ್ನು ತಿದ್ದಲು ಮೊದಲಿಡುತ್ತಾನೆ.